ಮೇಜಿನ ಮೇಲೆ ನಿಲ್ಲಬೇಕು

ತಿಬಿಲಿಸಿಯ ದಿದೂಬೆ ಮೆಟ್ರೋ. ಮೆಟ್ಟಿಲಿಳಿದರೆ ಸುರಂಗದಾರಿ.
ಅಲ್ಲಿ ಮೂರಡಿ ಗಾಜಿನ ಪೆಟ್ಟಿಗೆ, ಒಂದು ಸ್ಟೂಲು:
ಅದು ನನ್ನ ಅಂಗಡಿ.
ಈ ಕಡೆ ಕಾಲುಚೀಲದ ನಾನುಲಿ,
ಆ ಕಡೆ ಬೀಗದ ಕೈ ಕೊರೆಯುವ ವಾಖ್ತಾಂಗ್.
ಬಂದವರಿಗೆಲ್ಲ ಒಂದೇ ಮಂತ್ರ ಒಪ್ಪಿಸುತ್ತೇನೆ:
ಇಷ್ಟು ಮೆಗಾಪಿಕ್ಸೆಲ್, ಇಷ್ಟು ಜೀಬಿ, ಎರಡು ದಿನ ಬ್ಯಾಟರಿ,
ಸ್ಪೀಕರ್ ಅಂತೂ, ಅಕ್ಕಾ, ಮದುವೆ ಮನೆಗೂ ಸಾಕು.

ಆಕೆ ಬಂದಾಗಲೂ ಅದನ್ನೇ ಶುರುಮಾಡಿದೆ.
ನನ್ನ ತುಟಿಯನ್ನೇ ನೋಡುತ್ತಿದ್ದಳು,
ಹೊರಟ ಬಸ್ಸಿನ ಬೋರ್ಡು ಓದುವವರ ಹಾಗೆ.
ಸ್ಪೀಕರಿನ ತನಕ ಬಂದಿದ್ದೆ.
ಕಿವಿ ಮುಟ್ಟಿ ಕೈ ಆಡಿಸಿದಳು: ಇಲ್ಲ.
ನಕ್ಕಳು ಕೂಡ.
ನನ್ನ ಮದುವೆ ಮನೆ ಅಲ್ಲಿಗೇ ಮುಗಿಯಿತು.

ಚೀಲದಿಂದ ಚೀಟಿ ತೆಗೆದಳು, ಔಷಧಿ ಬಿಲ್ಲಿನ ಬೆನ್ನಿಗೆ ಬರೆದದ್ದು:
ಹೆಸರು ಮಖ್ವಲಾ. ಹೊಲಿಗೆ ಕೆಲಸ.
ಇರುವುದು ಮುನ್ನೂರೈವತ್ತೇ, ಹೆಚ್ಚು ಕೇಳಬೇಡ.
ಒಂದು, ಎದುರಿನ ಕ್ಯಾಮೆರಾ. ಹಿಂದಿನದು ಇಲ್ಲದಿದ್ದರೂ ಆದೀತು.
ಎರಡು, ನಡುಕ. ದಿಂಬಿನ ಕೆಳಗಿಂದ ಎಬ್ಬಿಸುವಷ್ಟು.
ಮೂರು, ಮೇಜಿನ ಮೇಲೆ ತಾನೇ ನಿಲ್ಲಬೇಕು.

ನಿಲ್ಲುವುದೆಂದರೇನು, ಫೋನೇನು ಕೋಳಿಯೇ?
ಭುಜ ಹಾರಿಸಿದೆ.
ಆಕೆ ನನ್ನ ಫೋನನ್ನೇ ಎಡಗೈಲಿ ಎತ್ತಿ ಹಿಡಿದು
ಬಲಗೈಯೊಂದರಲ್ಲೇ ಏನೋ ಹೇಳತೊಡಗಿ, ಅರ್ಧಕ್ಕೆ ಬಿಟ್ಟು,
ಬಾಯಲ್ಲಿ ಬಿಸಿ ಆಲೂಗಡ್ಡೆ ಇದ್ದವರಂತೆ
ಕೆನ್ನೆ ಉಬ್ಬಿಸಿ ತೋರಿಸಿದಳು.
ತಿಳಿಯಿತು.
ಒಂದು ಕೈ ಫೋನಿಗೆ ಹೋದರೆ ಅರ್ಧ ನಾಲಿಗೆ ಹೋದಂತೆ.

ಟ್ಯೂಬ್‌ಲೈಟಿನ ಕೆಳಗೆ ಒಂದೊಂದೇ ಫೋನಿನ ಮುಂದೆ ಮಾತಾಡಿ
ತನ್ನ ಮಾತನ್ನು ತಾನೇ ತಿರುಗಿಸಿ ನೋಡಿದಳು.
ಒಂದರಲ್ಲಿ ಬೆರಳು ಬೆಣ್ಣೆಯಾಗಿ ಕರಗಿದ್ದವು.
ಇನ್ನೊಂದರಲ್ಲಿ ಮುಖ ಬೆಳ್ಳಗೆ, ನುಣ್ಣಗೆ, ಹತ್ತು ವರ್ಷ ಚಿಕ್ಕದು;
ಅದನ್ನು ಮೊದಲು ಪಕ್ಕಕ್ಕಿಟ್ಟಳು.
ಹುಬ್ಬು ಅಳಿಸಿದೆ, ಎಂದು ಬರೆದಳು,
ನಮ್ಮ ಪ್ರಶ್ನೆಯೆಲ್ಲ ಹುಬ್ಬಿನಲ್ಲಿ.
ಆ ಸುಂದರಿ ಮಾಡುವ ಗುಣಕ್ಕೇ
ನಾನು ಐವತ್ತು ಹೆಚ್ಚು ಕೇಳುತ್ತಿದ್ದೆ.

ಆಮೇಲೆ ಚೀಟಿಯ ಅಂಚಿನಲ್ಲಿ, ಜಾಗ ಸಾಲದೆ, ಸಣ್ಣಗೆ:
ಬಾತುಮಿಯಲ್ಲಿ ಅಕ್ಕ ಇದ್ದಾಳೆ. ರಾತ್ರಿ ಪಾಳಿ, ಮಂದ ದೀಪ.
ಒಂದು ವರ್ಷದಿಂದ ಸರಿಯಾಗಿ ಜಗಳವಾಡಿಲ್ಲ.
ಮಧ್ಯದಲ್ಲಿ ಚಿತ್ರ ನಿಂತುಬಿಡುತ್ತದೆ,
ಎತ್ತಿದ ಕೈ ಎತ್ತಿದ ಹಾಗೇ.

ಕೊನೆಗೆ ನಡುಕ.
ಐದು ಫೋನು ಗಾಜಿನ ಮೇಲೆ ಮಲಗಿಸಿ
ಕಣ್ಣು ಮುಚ್ಚಿ ಅಂಗೈ ಊರಿದಳು.
ನಾನು ಒಂದೊಂದಕ್ಕೇ ಕರೆ ಮಾಡಿದೆ.
ಎರಡನೆಯದಕ್ಕೆ ತಲೆ ಅಲ್ಲಾಡಿಸಿದಳು, ಇಲ್ಲ.
ಮೂರನೆಯದನ್ನು ಒತ್ತುವ ಮೊದಲೇ ಬೆರಳೆತ್ತಿ ತಡೆದಳು.
ಕಾದಳು. ನನಗೇನೂ ಗೊತ್ತಾಗಲಿಲ್ಲ.
ಸ್ವಲ್ಪ ಹೊತ್ತಿಗೆ ಕೆಳಗಿನಿಂದ ರೈಲಿನ ಸದ್ದು ಬಂತು, ಹೋಯಿತು.
ಈಗ ಮಾಡು, ಎಂಬಂತೆ ಗಲ್ಲ ಎತ್ತಿದಳು.
ಹನ್ನೊಂದು ವರ್ಷ ಈ ಗಾಜಿಗೆ ಮೊಣಕೈ ಊರಿ ಕೂತಿದ್ದೇನೆ.

ಆಕೆ ಆರಿಸಿದ್ದು ಯಾರೂ ಕೇಳದ ಮಾದರಿ,
ಇಟ್ಟಿಗೆಯಂಥದ್ದು, ಧೂಳು ನಾನೇ ಒರೆಸಿ ಕೊಟ್ಟೆ.
ನಿಲ್ಲುವುದೊಂದು ಉಳಿದಿತ್ತು.
ವಾಖ್ತಾಂಗ್ ತಗಡು ಬಗ್ಗಿಸಿದ, ಜಾರಿತು.
ನಾನುಲಿ ಉಣ್ಣೆಯ ಕಾಲುಚೀಲವೊಂದನ್ನು ಉಂಡೆ ಸುತ್ತಿ
ಹಿಂದಕ್ಕೆ ಒತ್ತಿಟ್ಟಳು, ನಿಂತಿತು.
ಒಂದನ್ನೇ ಮಾರಲಾಗದೆಂದು ಜೊತೆಯದನ್ನೂ ಕಟ್ಟಿದಳು;
ಚೌಕಾಸಿ ಇಬ್ಬರದೂ ಬೆರಳಲ್ಲೇ ನಡೆಯಿತು,
ಗೆದ್ದವಳು ಮಖ್ವಲಾ.

ಸಂಜೆ ಒಬ್ಬ ಹುಡುಗ ಬಂದ,
ಯಾವುದು ಒಳ್ಳೆಯದು ಅಂದ.
ಮಂತ್ರಕ್ಕೆ ಬಾಯಿ ತೆರೆದೆ,
ಮೆಗಾಪಿಕ್ಸೆಲ್ಲಿಗೇ ತೊದಲಿದೆ.
ಮೊದಲು ಹೇಳು, ಎಂದೆ,
ನೀನು ಯಾರ ಜೊತೆ ಜಗಳವಾಡಬೇಕು?
ಅವನು ಪಕ್ಕದ ಅಂಗಡಿಗೆ ಹೋದ.